ಫಾಕ್ಸ್‌ಪ್ರೊ ಲೆಕ್ಕ ಬದಲಿಸುವ ಮಂಡಿಯವರೇ, ಸ್ವಲ್ಪ ತಡೆಯಿರಿ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಂಡಿಯ ಲೆಕ್ಕ, ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ಪ್ರೋಗ್ರಾಂನಿಂದ ಹೊಸ ಸಾಫ್ಟ್‌ವೇರ್‌ಗೆ ಹೋಗುವಾಗ ಬೆಳೆಗಾರರ ಮುಂಗಡದ ಷರಾಗಳೆಲ್ಲ ಮಾಯವಾದವು. ಅಳಿಸಿದ್ದ ಪಟ್ಟಿಗಳು ಎದ್ದು ಬಂದು ಬಾಕಿ ಉಬ್ಬಿತು. ಊರಿನ ಹೆಸರು ‘ತೀಥರ್ಹಳ್ಳಿ’ ಆಯಿತು.

‘ಕಂಪನಿಯೇ ಕೈಬಿಟ್ಟಿದೆ, ಇನ್ನು ಓಡಲ್ಲ’ ಅಂತ ಹೆದರಿಸಿ ಅವಸರ ಮಾಡಿಸಿದ್ದೇ ಇದಕ್ಕೆಲ್ಲ ಮೂಲ. ಆ ಮಾತು ಅರ್ಧ ನಿಜ. ಫಾಕ್ಸ್‌ಪ್ರೊ ಮಾಡಿದ ಫಾಕ್ಸ್ ಸಾಫ್ಟ್‌ವೇರ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡದ್ದು 1992ರಲ್ಲಿ. 9ರ ನಂತರ ಹೊಸ ಆವೃತ್ತಿ ಇಲ್ಲವೆಂದು 2007ರಲ್ಲಿ ಹೇಳಿತು. 2015ರ ಜನವರಿಗೆ ಬೆಂಬಲವೂ ನಿಂತಿತು. ಆದರೆ ಅದರ ನಂತರದ ರೂಪವಾದ ವಿಷುಯಲ್ ಫಾಕ್ಸ್‌ಪ್ರೊ 32 ಬಿಟ್‌ನದು, ಈಗಿನ ವಿಂಡೋಸ್‌ನಲ್ಲೂ ಓಡುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಓಡದಿರುವುದು ಡಾಸ್ ಕಾಲದ ಫಾಕ್ಸ್‌ಪ್ರೊ. ಸುಗ್ಗಿ ಮುಗಿಯುವ ತನಕ ಕಾದರೆ ಏನೂ ಕೆಡುವುದಿಲ್ಲ.

ಷರಾದಂಥ ಉದ್ದ ಬರಹಕ್ಕಿರುವ ಮೆಮೊ ಕಾಲಂನಲ್ಲಿ ಬರೆದದ್ದು, ಲೆಕ್ಕದ ಸಾಲುಗಳಿರುವ ಮುಖ್ಯ ಫೈಲಾದ ಡಿಬಿಎಫ್‌ನಲ್ಲಿ ಇರುವುದೇ ಇಲ್ಲ. ಅದು ಅದೇ ಹೆಸರಿನ ಎಫ್‌ಪಿಟಿ ಫೈಲಿನಲ್ಲಿರುತ್ತದೆ; ಡಿಬಿಎಫ್‌ನಲ್ಲಿರುವುದು ಅದರ ಜಾಗ ತೋರಿಸುವ ಸಂಖ್ಯೆಯಷ್ಟೇ. ಪೆನ್‌ಡ್ರೈವ್‌ಗೆ ಡಿಬಿಎಫ್ ಮಾತ್ರ ಹಾಕಿಕೊಂಡು ಹಳೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರೆ ಷರಾ ಎಲ್ಲಿಂದ ಬರಬೇಕು? ಎಲ್ಲರೂ ಪ್ರೋಗ್ರಾಂ ಮುಚ್ಚಿದ ಮೇಲೆ ಇಡೀ ಫೋಲ್ಡರ್ ನಕಲು ಮಾಡಿ, ಕೆಲಸ ನಕಲಿನ ಮೇಲೇ ನಡೆಯಲಿ.

ಫಾಕ್ಸ್‌ಪ್ರೊದಲ್ಲಿ ‘ಡಿಲೀಟ್’ ಕೊಟ್ಟರೆ ಸಾಲು ಹೋಗುವುದಿಲ್ಲ. ಅದರ ಮೊದಲ ಬೈಟ್‌ನಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೆ. ಅದನ್ನು ನೋಡದ ಸಾಧನದಿಂದ ಓದಿದರೆ ರದ್ದಾದ ಪಟ್ಟಿಯೂ ಜಮೆಯಾಗುತ್ತದೆ. ಅಂಥ ಸಾಲುಗಳನ್ನು ಬಿಟ್ಟುಬಿಡುವ ‘ಸೆಟ್ ಡಿಲೀಟೆಡ್ ಆನ್’ ಆದೇಶ ಕೊಟ್ಟು ರಫ್ತು ಮಾಡಿ. ಅವನ್ನು ನಿಜವಾಗಿಯೇ ತೆಗೆದುಹಾಕುವ ‘ಪ್ಯಾಕ್’ ಅನ್ನು ಮೂಲ ಫೈಲಿನ ಮೇಲೆ ಓಡಿಸಲು ಬಿಡಬೇಡಿ. ಆಮೇಲೆ ಅಳಿಸಿದ್ದನ್ನು ಮರಳಿಸುವ ‘ರೀಕಾಲ್’ ಕೆಲಸಕ್ಕೆ ಬಾರದು.

ನುಡಿ ಫಾಂಟ್‌ನ ಬರಹ ಇನ್ನೂ ಸೂಕ್ಷ್ಮ. ಅಲ್ಲಿ ಉಳಿದಿರುವುದು ಅಕ್ಷರವಲ್ಲ, ಅಕ್ಷರದ ಚೂರುಗಳ ಬೈಟ್‌ಗಳು. ಯಾವ ಬೈಟ್ ಯಾವ ಅಕ್ಷರವೆಂದು ಹೇಳುವ ಪಟ್ಟಿ, ಅಂದರೆ ಕೋಡ್‌ಪೇಜ್, ಬದಲಾದರೆ 127ಕ್ಕಿಂತ ಮೇಲಿನವು ಕಲಸಿಹೋಗುತ್ತವೆ. ಆದ್ದರಿಂದ ಆ ಕಾಲಂಗಳ ಹೆಸರು ಕೊಟ್ಟು ಆ ಬದಲಾವಣೆ ತಡೆಯುವ ‘ಸೆಟ್ ನೋಸಿಪಿಟ್ರಾನ್ಸ್’ ಆದೇಶ ಹಾಕಿ, ನಂತರ ಯೂನಿಕೋಡ್‌ಗೆ ತನ್ನಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಪರಿವರ್ತಕ ಆ ಕ್ರಮ ತಿರುಗಿಸದಿದ್ದರೆ ‘ಕಾರ್ಯ’ವೂ ‘ಕಾಯರ್’ ಆಗುತ್ತದೆ. ಅರ್ಕಾವತ್ತಿರುವ ಹೆಸರುಗಳನ್ನೇ ಆರಿಸಿ ಪರೀಕ್ಷಿಸಿ.

ಮಳೆಗಾಲದಲ್ಲಿ ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಫೈಲ್ ಅರೆಬರೆಯಾಗಿರುವುದೂ ಉಂಟು. ಡಿಬಿಎಫ್‌ನ ಹೆಡರ್, ಅಂದರೆ ಆರಂಭದ ವಿವರ ಭಾಗದ, ಉದ್ದಕ್ಕೆ ಸಾಲಿನ ಸಂಖ್ಯೆ ಮತ್ತು ಸಾಲಿನ ಉದ್ದದ ಗುಣಲಬ್ಧ ಕೂಡಿಸಿ. ಫೈಲಿನ ಗಾತ್ರ ಅಷ್ಟೇ ಇರಬೇಕು, ಹೆಚ್ಚೆಂದರೆ ಕೊನೆಯಲ್ಲಿ ಒಂದು ಬೈಟ್ ಜಾಸ್ತಿ. ತಾಳೆಯಾಗದಿದ್ದರೆ ಮೊದಲು ರಿಪೇರಿ, ಆಮೇಲೆ ವರ್ಗಾವಣೆ. ಸಾಲುಗಳನ್ನು ಬೇಗ ಹುಡುಕಲು ಇರುವ ಸಿಡಿಎಕ್ಸ್ ಇಂಡೆಕ್ಸ್ ಫೈಲ್ ಕೆಟ್ಟಿದ್ದರೆ ಚಿಂತೆಯಿಲ್ಲ, ಅದನ್ನು ಡಿಬಿಎಫ್‌ನಿಂದ ಮತ್ತೆ ಕಟ್ಟಬಹುದು.