ಬೀದರ್ ಥಂಡಿಗೆ ಯಾವುದು ಸರಿ: ರಾಡ್ ಹೀಟರ್, ಆಯಿಲ್ ಹೀಟರ್, ಇಲ್ಲಾ ಉಸುಕಿನ ಸುರುಳಿ?

ಬೀದರ್‌ನಲ್ಲಿ ಥಂಡಿ ಅಂದರೆ ಹೊರಗಿನವರು ನಂಬುವುದೇ ಇಲ್ಲ. ನಿಮ್ಮದು ಬಿಸಿಲ ನಾಡು ಅಲ್ವಾ ಅಂತಾರೆ. ಡಿಸೆಂಬರ್‌, ಜನವರಿಯಲ್ಲಿ ಒಂದು ರಾತ್ರಿ ಇಲ್ಲಿ ಮಲಗಿ ಎದ್ದರೆ ಗೊತ್ತಾಗುತ್ತದೆ. ಮಧ್ಯಾಹ್ನ 28 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 10ಕ್ಕಿಂತ ಕೆಳಗೆ ಇಳಿಯುವ ದಿನಗಳಿವೆ. ಮೋಡ ಇಲ್ಲ, ಗಾಳಿಯಲ್ಲಿ ಪಸೆ ಇಲ್ಲ. ಹಗಲು ಕಾದ ನೆಲ, ಗೋಡೆ, ಸ್ಲ್ಯಾಬ್ ಎಲ್ಲ ರಾತ್ರಿ ಬೇಗ ಆರಿಬಿಡುತ್ತವೆ.

ನಮ್ಮ ಮನೆಯಲ್ಲಿ ಥಂಡಿ ಮೊದಲು ಹಿಡಿಯುವುದು ಅವ್ವನ ಮೊಣಕಾಲನ್ನು. ಅವಳಿಗೆ 74 ವರ್ಷ. ಅವಳ ಕೋಣೆ 10 ಅಡಿ ಅಗಲ, 12 ಅಡಿ ಉದ್ದ. ಕೆಳಗೆ ಶಹಾಬಾದ್ ಫರ್ಸಿ, ಮೇಲೆ ಬರೀ ಸ್ಲ್ಯಾಬ್. "ಫರ್ಸಿ ಮ್ಯಾಲ ಕಾಲ್ ಇಡ್ಲಾಕ ಆಗವಲ್ದು" ಎಂದು ಅವಳು ಹೇಳಿದ ದಿನವೇ ಹೀಟರ್ ತಂದೆ. ಲೆಕ್ಕ ನೋಡದೆ ಹಾಕಿದೆವು. ಆ ಜನವರಿಯಲ್ಲಿ ಮೀಟರ್ 200 ಯೂನಿಟ್ ದಾಟಿತು. ಗೃಹಜ್ಯೋತಿ ಇರುವವರಿಗೆ ಇದರ ಅರ್ಥ ಗೊತ್ತು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು.

ಹಾಗಾಗಿ ಕಳೆದ ಚಳಿಗಾಲದಲ್ಲಿ ಒಂದೊಂದನ್ನೂ ಸುಮಾರು ಹತ್ತು ದಿನ ಅದೇ ಕೋಣೆಯಲ್ಲಿ ಇಟ್ಟು ನೋಡಿದೆ. ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿದೆ. ಹೀಟರ್ ಹಾಕುವ ಮುಂಚೆ ಒಮ್ಮೆ, ಆರಿಸಿದ ಮೇಲೆ ಒಮ್ಮೆ ಮೀಟರ್ ಓದಿ ಬರೆದಿಟ್ಟೆ. ಎಲ್ಲ ರಾತ್ರಿಗಳ ಥಂಡಿ ಒಂದೇ ಸಮ ಇರಲಿಲ್ಲ, ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ಏನೂ ಮಾಡದ ದಿನ ರಾತ್ರಿ 9ಕ್ಕೆ 21 ಡಿಗ್ರಿ ಇದ್ದ ಕೋಣೆ ಬೆಳಿಗ್ಗೆ 5ಕ್ಕೆ 15 ಆಗಿರುತ್ತಿತ್ತು.

ರಾಡ್ ಹೀಟರ್ ಎರಡು ರಾಡಿನದು, 800 ವಾಟ್. ಹಾಕಿದ ಒಂದು ನಿಮಿಷಕ್ಕೆ ಕೆಂಪಗಾಗುತ್ತದೆ, ಎದುರಿಗೆ ಕೂತವರಿಗೆ ತಕ್ಷಣ ಹಿತ ಅನ್ನಿಸುತ್ತದೆ. ಆದರೆ ಅದು ಕಾಯಿಸುವುದು ಎದುರಿಗಿದ್ದದ್ದನ್ನು ಮಾತ್ರ. ಅವ್ವನ ಮೊಣಕಾಲು ಬೆಚ್ಚಗೆ, ಬೆನ್ನು ತಣ್ಣಗೆ. ಮೂರು ತಾಸಿಗೆ 2.4 ಯೂನಿಟ್ ಹೋಯಿತು, ಬೆಳಿಗ್ಗೆ ನೋಡಿದರೆ ಮತ್ತೆ 15 ಡಿಗ್ರಿಯೇ. ರಾತ್ರಿ ಮಲಗುವುದಕ್ಕೆ ಇದು ಕೆಲಸಕ್ಕೆ ಬಾರದು, ಕೌದಿಯ ಅಂಚು ತಾಗಿದರೆ ಅಪಾಯ ಬೇರೆ. ಬೆಳಿಗ್ಗೆ ಎದ್ದು ಕೂತಾಗ ಅರ್ಧ ತಾಸು ಹಾಕಲು ಮಾತ್ರ ಇದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ.

ಆಯಿಲ್ ಹೀಟರ್ ತಂಗಿಯ ಮನೆಯಿಂದ ತಂದದ್ದು, 2000 ವಾಟ್. ಅದು ಬಿಸಿಯಾಗಲಿಕ್ಕೇ ಅರ್ಧ ತಾಸು ಬೇಕು. ಆಮೇಲೆ ಕೋಣೆ ಪೂರ್ತಿ ಹದವಾಗಿ ಕಾಯುತ್ತದೆ, ಕಣ್ಣಿಗೆ ಬೆಳಕು ಹೊಡೆಯುವುದಿಲ್ಲ. ಇದು ಕರೆಂಟ್ ಕಡಿಮೆ ತಿನ್ನುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಹಾಗೇನಿಲ್ಲ. 1000 ವಾಟ್ ಒಂದು ತಾಸು ಉರಿದರೆ ಒಂದು ಯೂನಿಟ್. ರಾಡ್ ಇರಲಿ, ಆಯಿಲ್ ಇರಲಿ, ಒಂದು ಯೂನಿಟ್‌ನಿಂದ ಹುಟ್ಟುವ ಶಾಖ ಅಷ್ಟೇ. ಉಳಿತಾಯ ಆಗುವುದು ಅದರೊಳಗಿನ ಥರ್ಮೋಸ್ಟಾಟ್‌ನಿಂದ. ಕೋಣೆ ಸಾಕಷ್ಟು ಬೆಚ್ಚಗಾದ ಮೇಲೆ 'ಟಕ್' ಅಂತ ತಾನೇ ನಿಲ್ಲುತ್ತದೆ. ನಮ್ಮ ಕೋಣೆಯಲ್ಲಿ ಆ ಟಕ್ ಕೇಳಿಸಲೇ ಇಲ್ಲ! ಮೂರು ತಾಸಿಗೆ ಹತ್ತಿರ ಹತ್ತಿರ 6 ಯೂನಿಟ್. ತಿಂಗಳಿಗೆ 180 ಆಯಿತು, ಅದೂ ಒಂದೇ ಕೋಣೆಗೆ.

ಇನ್ನೊಂದು ಮಾತು. ಇಷ್ಟು ದೊಡ್ಡ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ನಾನು ಎರಡು ದಿನ ಸಾದಾ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ದೆ. ಮೂರನೇ ದಿನ ಪ್ಲಗ್ ಕಿತ್ತಾಗ ತೂತಿನ ಸುತ್ತ ಪ್ಲಾಸ್ಟಿಕ್ ಕಂದಿತ್ತು, ಸುಟ್ಟ ವಾಸನೆ. 16 ಆಂಪಿಯರ್‌ನ ದೊಡ್ಡ ಸಾಕೆಟ್ ಇಲ್ಲದಿದ್ದರೆ ದಯವಿಟ್ಟು ಹಾಕಬೇಡಿ.

ಟಕ್ ಯಾಕೆ ಕೇಳಿಸಲಿಲ್ಲ ಎಂದು ನೋಡಲು ಒಂದು ರಾತ್ರಿ ಫ್ಯಾನ್ ಆರಿಸಿ, ಊದಿನಕಡ್ಡಿ ಹಚ್ಚಿಕೊಂಡು ಕೋಣೆ ಸುತ್ತಿದೆ. ಬಾಗಿಲ ಕೆಳಗೆ ಹಿಡಿದರೆ ಹೊಗೆ ಒಳಗೆ ಬಾಗಿತು. ಬೆರಳು ತೂರುವಷ್ಟು ಸಂದು. ಸ್ಲೈಡಿಂಗ್ ಕಿಟಕಿಯ ಮೂಲೆಯಲ್ಲಿ ಹೊಗೆ ನಡುಗಿತು. ಮೇಲಿನ ವೆಂಟಿಲೇಟರ್ ಹತ್ತಿರ ಸರ್ರನೆ ಹೊರಗೆ ಹೋಯಿತು. ದುಡ್ಡು ಕೊಟ್ಟು ಕಾಯಿಸಿದ ಗಾಳಿ ಮೇಲಿಂದ ಹೋಗುತ್ತಿತ್ತು, ಥಂಡಿ ಕೆಳಗಿಂದ ಬರುತ್ತಿತ್ತು.

ಹಳೆ ಪ್ಯಾಂಟಿನ ಕಾಲು ಕತ್ತರಿಸಿ, ಉಸುಕು ತುಂಬಿ, ಎರಡೂ ಬಾಯಿ ಹೊಲಿದು, ಆ ಸುರುಳಿಯನ್ನು ಬಾಗಿಲ ಕೆಳಗೆ ಇಟ್ಟೆ. ಅರಿವೆ ತುಂಬಿದರೆ ಸರಿದುಹೋಗುತ್ತದೆ, ಉಸುಕು ಕದಲುವುದಿಲ್ಲ. ಕಿಟಕಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ವೆಂಟಿಲೇಟರ್‌ನ ಮುಕ್ಕಾಲು ಭಾಗ ದಪ್ಪ ರಟ್ಟಿನಿಂದ ಮುಚ್ಚಿದೆ. ಉಸಿರಾಡುವ ಗಾಳಿಗೆಂದು ಕಾಲು ಭಾಗ ಬಿಟ್ಟೆ. ಫರ್ಸಿ ಮೇಲೆ ಜಮಖಾನ, ಕಿಟಕಿಗೆ ಪರದೆಯ ಬದಲು ಹಳೆ ಕೌದಿ. ಎಲ್ಲ ಸೇರಿ 600 ರೂಪಾಯಿ ಒಳಗೇ ಮುಗಿಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಮ್ಮ ದಕ್ಷಿಣದ ಕಿಟಕಿಯಿಂದ ಬಿಸಿಲು ಮಂಚದವರೆಗೂ ಬರುತ್ತದೆ. 11 ಗಂಟೆಗೆ ಕೌದಿ ಸರಿಸಿ, ಜಮಖಾನ ಸುತ್ತಿಟ್ಟು, ಫರ್ಸಿಗೇ ಬಿಸಿಲು ಬೀಳಲು ಬಿಡುತ್ತೇವೆ. ಸಂಜೆ 5ರೊಳಗೆ ಎಲ್ಲ ಮುಚ್ಚಿಬಿಡುತ್ತೇವೆ. ತಡವಾಗಿ 7ಕ್ಕೆ ಮುಚ್ಚಿದ ದಿನ ಒಂದೂವರೆ ಡಿಗ್ರಿ ಕಡಿಮೆ ಇತ್ತು. ಹಗಲೂ ಥಂಡಿ ಇರುವ ಊರಿನವರಿಗೆ ಈ ಅನುಕೂಲ ಇಲ್ಲ, ನಮಗೆ ದೇವರು ಕೊಟ್ಟದ್ದು.

ಹೀಗೆ ಮಾಡಿದ ಮೇಲೆ ಹೀಟರ್ ಇಲ್ಲದೆಯೇ ಬೆಳಿಗ್ಗೆ 5ಕ್ಕೆ 18 ಡಿಗ್ರಿ. "ನಿನ್ನಿ ರಾತ್ರಿ ಒಂದೇ ಕೌದಿ ಸಾಕಾಯ್ತ್ ನೋಡಪ್ಪಾ" ಎಂದಳು ಅವ್ವ. ಆಮೇಲೆ ಪರೀಕ್ಷೆಗೆಂದು ಆಯಿಲ್ ಹೀಟರ್ ಮತ್ತೆ ಹಾಕಿದೆ. ಮುಕ್ಕಾಲು ತಾಸಿಗೆ ಟಕ್ ಅಂದಿತು! ಮೂರು ತಾಸಿಗೆ 3 ಯೂನಿಟ್ ಮಾತ್ರ. ಹೀಟರ್ ಅದೇ, ಕೋಣೆಯೂ ಅದೇ.

ಶೇಗಡಿ ನಾನು ಪರೀಕ್ಷೆಗೆ ಇಡಲಿಲ್ಲ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಸಂದು ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ. ಅಂಗಳದಲ್ಲಿ ಕಾಯಿಸಿಕೊಳ್ಳಿ.

ಸ್ನಾನದ ನೀರಿನ ಲೆಕ್ಕವೂ ದೊಡ್ಡದೇ. ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 0.6 ಯೂನಿಟ್ ಬೇಕು. ನಾಲ್ಕು ಜನಕ್ಕೆ ತಿಂಗಳಿಗೆ 70ರ ಹತ್ತಿರ. ನಾವು ಡಿಸೆಂಬರ್ ಕೊನೆಯಿಂದ ಹಿತ್ತಲಿನ ಹಂಡೆಗೆ ಬದಲಾದೆವು. ಊರಿಂದ ತೊಗರಿ ಕಟ್ಟಿಗೆ ಬರುತ್ತದೆ, ಚೆನ್ನಾಗಿ ಉರಿಯುತ್ತದೆ. ಹೊಗೆ ಇದೆ, ಬೂದಿ ಬಳಿಯುವ ಕೆಲಸ ಇದೆ. ಪುರಸೊತ್ತು ಇಲ್ಲದವರು ಗೀಸರ್‌ನ ತಿರುಪನ್ನು ತಣ್ಣೀರು ಬೆರೆಸದೆ ಮೀಯುವಷ್ಟಕ್ಕೆ ಇಳಿಸಿ ಇಡಿ.

ಈ ಸಲ ಆಯಿಲ್ ಹೀಟರ್ ತಂಗಿಗೆ ವಾಪಸ್ ಕೊಟ್ಟೆ. ರಾಡ್ ಹೀಟರ್ ಬೆಳಗಿನ ಅರ್ಧ ತಾಸಿಗೆ ಇಟ್ಟುಕೊಂಡಿದ್ದೇನೆ. ಸುರುಳಿಯ ಹೊಲಿಗೆ ಒಂದು ಕಡೆ ಬಿಟ್ಟು ಉಸುಕು ಸೋರುತ್ತಿತ್ತು, ನಿನ್ನೆ ಮತ್ತೆ ಹೊಲಿದೆ. ಕಿಟಕಿಯ ರಬ್ಬರ್ ಪಟ್ಟಿ ಬೇಸಿಗೆಯ ಬಿಸಿಲಿಗೆ ಎದ್ದುಬಂದಿದೆ. ಭಾನುವಾರ ಹೊಸದು ಅಂಟಿಸಬೇಕು.