ಎರಡು ಕಿರಾಣಿ ಚೈನುಗಳಲ್ಲಿ ದುಡಿದು ನೋಡಿದ್ದು

ಎರಡೂ ದೊಡ್ಡ ಚೈನುಗಳೇ. ಎರಡರಲ್ಲೂ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತಿದ್ದೇನೆ, ಸ್ಟಾಕ್ ಜೋಡಿಸಿದ್ದೇನೆ. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೂ ನನ್ನ ವಯಸ್ಸಿನವರು ಮೊದಲನೆಯದನ್ನು ಬೇಗ ಬಿಡುತ್ತಿದ್ದರು, ಎರಡನೆಯದರಲ್ಲಿ ಉಳಿಯುತ್ತಿದ್ದರು. ಮುಖ್ಯ ಕಾರಣ ರೋಸ್ಟರ್, ಅಂದರೆ ಯಾರಿಗೆ ಯಾವ ದಿನ ಯಾವ ಶಿಫ್ಟ್ ಎಂಬ ಪಟ್ಟಿ.

ಮೊದಲನೆಯ ಕಡೆ ಮುಂದಿನ ವಾರದ ಶಿಫ್ಟ್ ತಿಳಿಯುತ್ತಿದ್ದುದು ಹಿಂದಿನ ರಾತ್ರಿ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ವೀಕ್ ಆಫ್ ಯಾವತ್ತು ಅಂತಲೇ ಗೊತ್ತಿಲ್ಲದಿದ್ದರೆ ಪರೀಕ್ಷೆಗೆ ಓದುವವರು, ಸಂಜೆ ಕ್ಲಾಸಿಗೆ ಹೋಗುವವರು ಏನು ಮಾಡಬೇಕು? ರಾತ್ರಿ ಶಟರ್ ಎಳೆದವರೇ ಬೆಳಿಗ್ಗೆ ಬಂದು ಎತ್ತಬೇಕಿತ್ತು. ಐರೋಪ್ಯ ಒಕ್ಕೂಟದ 2003ರ ನಿಯಮ ದಿನಕ್ಕೆ 11 ಗಂಟೆಯ ಸತತ ಬಿಡುವು ಕೊಡಬೇಕೆನ್ನುತ್ತದೆ. ನಮಗೆ ನಿದ್ದೆಯೇ ಪೂರ್ತಿ ಆಗುತ್ತಿರಲಿಲ್ಲ. 'ನಾವೆಲ್ಲ ಒಂದೇ ಮನೆಯವರು' ಎನ್ನುತ್ತಿದ್ದ ಮ್ಯಾನೇಜರ್ ಕೆಟ್ಟವರಲ್ಲ, ಅವರ ಅಕ್ಕರೆ ನಿಜವಾದದ್ದೇ. ಆದರೆ ಮನೆಯವರೆಂದ ಮೇಲೆ ರಜೆ ಕೇಳುವುದೇ ದ್ರೋಹದಂತೆ ಅನಿಸುತ್ತಿತ್ತು. ಯಾರಾದರೂ ಕೆಲಸ ಬಿಟ್ಟರೆ 'ಈಗಿನವರಿಗೆ ತಾಳ್ಮೆ ಇಲ್ಲ' ಎಂಬ ಮಾತು ಬರುತ್ತಿತ್ತು. ಆ ಮಾತನ್ನು ನಾನು ಒಪ್ಪುವುದಿಲ್ಲ.

ಎರಡನೆಯ ಕಡೆ ಸವಿಮಾತು ಕಡಿಮೆ. ಸೂಪರ್‌ವೈಸರ್ ಬೇಕಾದಷ್ಟೇ ಮಾತಾಡುವವರು, ತಡವಾಗಿ ಬಂದರೆ ಬರೆದಿಡುವವರು. ಆದರೆ ರೋಸ್ಟರ್ ಎರಡು ವಾರ ಮೊದಲೇ ಫೋನಿಗೆ ಬರುತ್ತಿತ್ತು. ಇಬ್ಬರು ಒಪ್ಪಿಕೊಂಡರೆ ಶಿಫ್ಟ್ ಅದಲುಬದಲು ಮಾಡಿಕೊಳ್ಳಬಹುದಿತ್ತು, ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಕೌಂಟರಿನಲ್ಲಿ ಕುರ್ಚಿಯೂ ಇತ್ತು. ಅಂಗಡಿ, ಕಚೇರಿಗಳಲ್ಲಿ ದುಡಿಯುವವರಿಗೆ ಕೂರಲು ಆಸನ, ಕೂರುವುದಕ್ಕೆ ಅವಕಾಶ ಎರಡೂ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1964ರಲ್ಲೇ ತನ್ನ 120ನೇ ಒಪ್ಪಂದದಲ್ಲಿ ಬರೆದಿದೆ. ದಿನವಿಡೀ ನಿಂತವರಿಗೆ ಅದರ ಬೆಲೆ ಗೊತ್ತು.

ಇಲ್ಲೂ ನನಗೆ ಹಿಡಿಸದ್ದು ಒಂದಿತ್ತು: ನಿಮಿಷಕ್ಕೆ ಎಷ್ಟು ಐಟಂ ಸ್ಕ್ಯಾನ್ ಮಾಡಿದೆವೆಂಬ ಅಂಕಿ ಪರದೆಯ ಮೇಲೆ ಕಾಣುತ್ತಿತ್ತು. ಚಿಲ್ಲರೆ ಎಣಿಸುವ ಅಜ್ಜಿಗೆ ಸಹಾಯ ಮಾಡಿದರೆ ಅಂಕಿ ಇಳಿಯುತ್ತದೆ. ಇದು ಹೋಗಬೇಕು.

ಕೆಲಸ ಕಲಿಯುವುದಕ್ಕೆ ಮಾತ್ರ ಮೊದಲನೆಯದೇ ಮೇಲು. ಎರಡನೆಯ ಕಡೆ ವಿಡಿಯೋ ತೋರಿಸಿ ಕೂರಿಸಿದರು. ಮೊದಲನೆಯ ಕಡೆ ಹಿರಿಯರು ಪಕ್ಕದಲ್ಲಿ ನಿಂತು ಹೇಳಿಕೊಟ್ಟರು: ಎಕ್ಸ್‌ಪೈರಿ ಹತ್ತಿರವಿರುವುದು ಶೆಲ್ಫಿನ ಮುಂದಕ್ಕೆ, ಹೊಸದು ಹಿಂದಕ್ಕೆ. ಶೆಲ್ಫಿನ ಚೀಟಿಯ ಬೆಲೆಯೇ ಬೇರೆ, ಬಿಲ್ಲಿನದೇ ಬೇರೆ ಎಂದು ಗ್ರಾಹಕರು ರೇಗಿದಾಗ ವಾದಿಸದೆ ಮೊದಲು ಹೋಗಿ ಚೀಟಿ ನೋಡಿಕೊಂಡು ಬರಬೇಕು ಎಂಬುದನ್ನೂ ಅಲ್ಲೇ ಕಲಿತೆ. ಚೀಟಿ ಬದಲಿಸದವರು ಬೇರೆ ಯಾರೋ, ಬೈಗುಳ ಕೌಂಟರಿನವರಿಗೆ.

ಒಟ್ಟಿನಲ್ಲಿ ನನ್ನ ಆಯ್ಕೆ ಎರಡನೆಯದೇ. ಹೊಸದಾಗಿ ಸೇರುವವರು ಸಂದರ್ಶನದಲ್ಲೇ ಕೇಳಿ: ರೋಸ್ಟರ್ ಎಷ್ಟು ದಿನ ಮೊದಲು ಬರುತ್ತದೆ? ಕೊನೆಯ ಗಳಿಗೆಯಲ್ಲಿ ಬದಲಾಯಿಸಿದರೆ ಬೇಡವೆನ್ನಬಹುದೇ? ಕೌಂಟರಿನಲ್ಲಿ ಕುರ್ಚಿ ಇದೆಯೇ? ಸಾಧ್ಯವಾದರೆ ಹೊರಗೆ ಬರುವಾಗ ಅಲ್ಲಿನ ಕ್ಯಾಷಿಯರ್ ಒಬ್ಬರನ್ನೂ ಇದನ್ನೇ ಕೇಳಿ ನೋಡಿ.