ಒಂದೊಂದೇ ಪಿಕ್ಸೆಲ್ ಬದಲಿಸೋಕೆ ಪೈಥಾನ್‌ನ ಪಿಲ್ಲೋ ಹೇಗಿದೆ?

ಹಳೇ ಪುಸ್ತಕದ ಪುಟ ಸ್ಕ್ಯಾನ್ ಮಾಡಿದರೆ ಹಳದಿ ಹಿನ್ನೆಲೆ ಬಂದೇ ಬರುತ್ತದೆ. ಅದು ಬೆಳ್ಳಗಾಗಬೇಕು, ಆದರೆ ಗ್ರಂಥಾಲಯದ ಕೆಂಪು ಸೀಲು ಹಾಗೇ ಉಳಿಯಬೇಕು ಅಂದರೆ ಫೋಟೊ ಎಡಿಟರ್‌ಗಿಂತ ಒಂದು ಚಿಕ್ಕ ಸ್ಕ್ರಿಪ್ಟೇ ವಾಸಿ, ಯಾಕೆಂದರೆ ಒಂದು ಪುಟಕ್ಕೆ ಬರೆದ ನಿಯಮ ಇಡೀ ಪುಸ್ತಕಕ್ಕೆ ಓಡುತ್ತದೆ. ಇದಕ್ಕೆ ನಾನು ಬಳಸುವುದು ಪಿಲ್ಲೋ ಲೈಬ್ರರಿ, ಅಂದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿತ್ರಗಳನ್ನು ತಿದ್ದೋಕೆ ಬರೆದಿಟ್ಟ ಸಿದ್ಧ ಕೋಡ್. ಪೂರ್ತಿ ಉಚಿತ. ಫ್ರೆಡ್ರಿಕ್ ಲುಂಡ್ ಶುರು ಮಾಡಿದ್ದ ಪಿಐಎಲ್ (ಪೈಥಾನ್ ಇಮೇಜಿಂಗ್ ಲೈಬ್ರರಿ) ಅನ್ನೋ ಹಳೇ ಲೈಬ್ರರಿಯಿಂದ 2010ರಲ್ಲಿ ಕವಲೊಡೆದು ಬಂದದ್ದು ಇದು. ಅದಕ್ಕೇ ಇನ್‌ಸ್ಟಾಲ್ ಮಾಡುವಾಗ ಪಿಲ್ಲೋ ಅನ್ನಬೇಕು, ಇಂಪೋರ್ಟ್ ಮಾಡುವಾಗ ಪಿಐಎಲ್. ಹೊಸಬರಿಗೆ ಮೊದಲ ಗೊಂದಲ ಇಲ್ಲೇ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೋಡ್ ಅನ್ನೋ ಫಂಕ್ಷನ್. ಚಿತ್ರ ತೆರೆದು ಅದನ್ನು ಕರೆದರೆ ಸಾಕು, ಎಕ್ಸ್ ಮತ್ತು ವೈ ಕೊಟ್ಟು ಯಾವ ಪಿಕ್ಸೆಲ್ ಬೇಕಾದರೂ ಓದಬಹುದು, ಬದಲಿಸಬಹುದು. ಎಡ ಮೇಲ್ಮೂಲೆ ಸೊನ್ನೆ, ಸೊನ್ನೆ. ವೈ ಕೆಳಗೆ ಹೋದಂತೆ ಹೆಚ್ಚುತ್ತದೆ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ 0ಯಿಂದ 255ರವರೆಗಿನ ಮೂರು ಸಂಖ್ಯೆ. ಹಳದಿ ಕಾಗದದಲ್ಲಿ ಕೆಂಪೂ ಜಾಸ್ತಿ, ಹಸಿರೂ ಜಾಸ್ತಿ. ಸೀಲಿನಲ್ಲಿ ಕೆಂಪು ಮಾತ್ರ ಜಾಸ್ತಿ. ಕಪ್ಪು ಅಕ್ಷರದಲ್ಲಿ ಮೂರೂ ಕಡಿಮೆ. ಹಾಗಾದರೆ ಹಸಿರು 160 ದಾಟಿದ ಪಿಕ್ಸೆಲ್ಲನ್ನೆಲ್ಲ ಬಿಳಿ ಮಾಡು ಅಂದರೆ ಮುಗೀತು ಅಲ್ವಾ? 160 ಅನ್ನೋದು ನಿಮ್ಮ ಸ್ಕ್ಯಾನ್ ನೋಡಿಕೊಂಡು ಬದಲಾಗುತ್ತದೆ, ಅಷ್ಟೇ. ಬಣ್ಣ ಅಂದರೆ ಬರೀ ಸಂಖ್ಯೆ ಅನ್ನೋದು ಹೀಗೆ ಕೈಯಾರೆ ಮಾಡಿದಾಗಲೇ ಮನಸ್ಸಿಗೆ ಹತ್ತುವುದು. ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೂ ಇದನ್ನೇ ಮೊದಲು ಕೊಡಿ ಅಂತೀನಿ.

ಕೊರತೆ ಅಂದರೆ ವೇಗ. ಪುಟ್‌ಪಿಕ್ಸೆಲ್ ಅಂತ ಇನ್ನೊಂದು ದಾರಿ ಇದೆ, ಅದು ನಿಧಾನ ಅಂತ ಪಿಲ್ಲೋದವರೇ ಬರೆದಿದ್ದಾರೆ. ಎರಡು ಮೂರು ಚುಕ್ಕೆ ಬದಲಿಸೋಕೆ ಸರಿ, ಅದಕ್ಕಿಂತ ಜಾಸ್ತಿಗೆ ಬೇಡ. ಆದರೆ 4000 ಅಗಲ, 3000 ಎತ್ತರದ ಫೋಟೊದಲ್ಲಿ 1.2 ಕೋಟಿ ಪಿಕ್ಸೆಲ್ ಇರುತ್ತವೆ, ಅಷ್ಟನ್ನೂ ಪೈಥಾನ್ ಲೂಪ್‌ನಲ್ಲಿ ಸುತ್ತಿದರೆ ಲೋಡ್ ಬಳಸಿದರೂ ಕಾಯಲೇಬೇಕು. ಸುಮ್ನೆ ಬೆಳಕು ಹೆಚ್ಚಿಸೋದಾದರೆ ಪಾಯಿಂಟ್ ಫಂಕ್ಷನ್ ಸಾಕು. ಅದು 256 ಬೆಲೆಗಳ ಕೋಷ್ಟಕ ಮಾಡಿಟ್ಟುಕೊಂಡು ಒಂದೇ ಸಲಕ್ಕೆ ಕೆಲಸ ಮುಗಿಸುತ್ತದೆ. ಪಿಕ್ಸೆಲ್ ಲೆಕ್ಕ ಇನ್ನೂ ದೊಡ್ಡದಾದರೆ ನಮ್‌ಪೈಗೆ (ಸಂಖ್ಯೆಗಳ ದೊಡ್ಡ ಕೋಷ್ಟಕಗಳನ್ನು ಬೇಗ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ) ಹೋಗಿ, ಆದರೆ ಅಲ್ಲಿ ವೈ ಮೊದಲು, ಎಕ್ಸ್ ಆಮೇಲೆ. ಜೊತೆಗೆ ಅಲ್ಲಿರುವುದು ಎಂಟು ಬಿಟ್‌ನ ಸಂಖ್ಯೆ, 255 ದಾಟಿದರೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಆದ್ದರಿಂದ 250ಕ್ಕೆ 10 ಕೂಡಿಸಿದರೆ 4 ಬರುತ್ತದೆ, ಬೆಳ್ಳಗಾಗಬೇಕಾದ ಜಾಗ ಕಪ್ಪಾಗುತ್ತದೆ.

ಇನ್ನೆರಡು ವಿಷಯ. ಜಿಐಎಫ್‌ನಂಥ ಚಿತ್ರಗಳಲ್ಲಿ ಪಿಕ್ಸೆಲ್ ಬೆಲೆ ಬಣ್ಣವಾಗಿರದೆ ಬಣ್ಣದ ಪಟ್ಟಿಯ ಕ್ರಮಸಂಖ್ಯೆ ಆಗಿರಬಹುದು, ಮೊದಲು ಆರ್‌ಜಿಬಿಗೆ, ಅಂದರೆ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆಗೆ ಬದಲಿಸಿಕೊಳ್ಳಿ. ಮತ್ತೆ ಸೇವ್ ಮಾಡುವಾಗ ಪಿಎನ್‌ಜಿ ಆಯ್ದುಕೊಳ್ಳಿ. ಜೆಪೆಗ್‌ನಲ್ಲಿ ಇಟ್ಟರೆ ಕಂಪ್ರೆಷನ್ ಬಂದು ನೀವು ಕೂರಿಸಿದ ಸಂಖ್ಯೆಗಳನ್ನು ಆಚೀಚೆ ಮಾಡಿಬಿಡುತ್ತದೆ.